ಗೋಡೆಯ ಮೇಲಿನ ಗಾಳಿಯಂತ್ರ

ಕಳೆದ ತಿಂಗಳು ಮಗಳ ಹೊಸ ಮನೆ ನೋಡಲು ವಡೋದರಾದಿಂದ ಸೂರತ್ತಿಗೆ ಹೋಗಿದ್ದೆವು. ವೇಸುವಿನಲ್ಲಿ ಹನ್ನೊಂದನೇ ಮಹಡಿ. ಮನೆಯಲ್ಲಿ ಎಲ್ಲವೂ ಹೊಸದು, ಹಾಲಿನ ಗೋಡೆಯ ಮೇಲಿನ ಫೋಟೋ ಒಂದೇ ಹಳೆಯದು. ಹಳೆಯದು ಅನ್ನುವುದಕ್ಕಿಂತ ಹಳೆಯದರಂತೆ ಕಂದು ಬಣ್ಣಕ್ಕೆ ತಿರುಗಿಸಿದ್ದು. ಒಣಹುಲ್ಲಿನ ಬಯಲು, ವಾಲಿದ ಕಬ್ಬಿಣದ ಗೋಪುರ, ತುದಿಯಲ್ಲಿ ಅರ್ಧ ರೆಕ್ಕೆ ಉದುರಿದ ಗಾಳಿಚಕ್ರ. ಆನ್‌ಲೈನಿನಲ್ಲಿ ತರಿಸಿದ್ದಂತೆ. "ಎಷ್ಟು ಶಾಂತವಾಗಿದೆ ಅಲ್ವಾ ಅಪ್ಪಾ?" ಅಂದಳು.

ಹೂಂ ಅಂದೆ. ಊಟ ಮುಗಿಯುವವರೆಗೂ ಕಣ್ಣು ಮಾತ್ರ ಅಲ್ಲೇ ಇತ್ತು. ಅಂಥದ್ದೊಂದು ನಮ್ಮ ಹೊಲದಲ್ಲೂ ಇತ್ತು.

ಚಿತ್ರದಲ್ಲಿರುವುದು ಅಮೆರಿಕದ ರೈತರದ್ದು. 1854ರಲ್ಲಿ ಡೇನಿಯಲ್ ಹ್ಯಾಲಡೇ ಎಂಬಾತ ಗಾಳಿ ಬಂದತ್ತ ತಾನೇ ಮುಖ ತಿರುಗಿಸಿಕೊಳ್ಳುವ ಯಂತ್ರ ಮಾಡಿದ. ಆಮೇಲೆ ಉಕ್ಕಿನವು ಬಂದು ಅಲ್ಲಿನ ಬಯಲುಗಳಲ್ಲೆಲ್ಲ ದನಕ್ಕೆ, ರೈಲಿಗೆ ನೀರೆತ್ತಿದವು. 1930ರ ದಶಕದಿಂದ ಹಳ್ಳಿಗಳಿಗೆ ಕರೆಂಟಿನ ತಂತಿ ಎಳೆದ ಮೇಲೆ ಬಹಳಷ್ಟು ನಿಂತಲ್ಲೇ ತುಕ್ಕು ಹಿಡಿದವು. ಈಗ ಸೋಫಾದ ಮೇಲ್ಗಡೆಗೆ ಬಂದಿವೆ.

ನಮ್ಮದು ಬಂದದ್ದು 1980ರ ದಶಕದಲ್ಲಿ, ಚಿತ್ರದುರ್ಗದ ಹತ್ತಿರದ ನಮ್ಮ ಹೊಲಕ್ಕೆ, ಸರ್ಕಾರದ ಸಹಾಯಧನದಲ್ಲಿ. '12-ಪಿಯು-500' ಅಂತ ಅದರ ಹೆಸರು. ಹೆಸರೇ ಜಾತಕ: ಹನ್ನೆರಡು ರೆಕ್ಕೆ, ಚಕ್ರದ ವ್ಯಾಸ 500 ಸೆಂಟಿಮೀಟರ್. ಚಕ್ರ ತಿರುಗಿದರೆ ಒಂದು ಉದ್ದನೆಯ ಸರಳು ಮೇಲೆ ಕೆಳಗೆ ಆಡುತ್ತಿತ್ತು, ಕೊಳವೆಯೊಳಗಿನ ಪಿಸ್ಟನ್ ನೀರನ್ನು ಗುಟುಕು ಗುಟುಕಾಗಿ ಎತ್ತುತ್ತಿತ್ತು. ಡೀಸೆಲ್ ಬೇಡ, ಎತ್ತು ಬೇಡ. ಮೊದಲ ದಿನ ಅರ್ಧ ಊರೇ ಬಂದು ನೋಡಿತು.

ತೊಂದರೆ ಶುರುವಾದದ್ದು ಆಮೇಲೆ. ಬಯಲುಸೀಮೆಯವರಿಗೆ ಗೊತ್ತು, ನಮ್ಮಲ್ಲಿ ಗಾಳಿ ಎಂದರೆ ಆಷಾಢದ ಗಾಳಿ. ಆಗ ಚಕ್ರ ಹುಚ್ಚು ಹಿಡಿದಂತೆ ತಿರುಗುವುದು, ಹೊಲಕ್ಕೆ ಹೇಗೂ ಮಳೆಯ ಹಸಿ ಇರುವುದು. ಏಪ್ರಿಲಿನಲ್ಲಿ ತೆಂಗಿನ ಸಸಿ ಬಾಯಿ ಬಿಡುವಾಗ ಎಲೆಯೂ ಅಲ್ಲಾಡದು. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಅರ್ಧಕ್ಕಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕ ನಾನು ಡಿಪ್ಲೊಮಾದಲ್ಲಿ ಕಲಿತೆ. ಅಪ್ಪನಿಗೆ ಬಾವಿಯ ಕಟ್ಟೆಯ ಮೇಲೆ ಕೂತೇ ಗೊತ್ತಾಗಿತ್ತು. ಪಿಸ್ಟನ್ನಿನ ಚರ್ಮದ ವಾಷರ್ ಸವೆದಾಗಲೆಲ್ಲ ಪೇಟೆಗೆ ಹೋಗಿ ಚಮ್ಮಾರರಿಂದ ಹೊಸದು ಕತ್ತರಿಸಿ ತರುವನು. ಆ ಒದ್ದೆ ಚರ್ಮದ ವಾಸನೆ ನನಗಿನ್ನೂ ನೆನಪಿದೆ. ಕೊನೆಗೆ ಬಾವಿಯ ನೀರೇ ಕೆಳಗಿಳಿಯಿತು. ಬೋರ್‌ವೆಲ್ ಕೊರೆಸಲು ಸಾಲ ಮಾಡಿದ, ಸಾಲದಿದ್ದುದಕ್ಕೆ ಗೋಪುರವನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟ. ನಮ್ಮದಕ್ಕೆ ತುಕ್ಕು ಹಿಡಿದು ಚಂದವಾಗುವಷ್ಟು ವಯಸ್ಸೇ ಆಗಲಿಲ್ಲ.

ಇದನ್ನು ಹೇಳಿದರೆ ಅಳಿಯ ಸೂರತ್ತಿನದೇ ಕಥೆ ತೆಗೆದ. ಅವನು ಇಲ್ಲಿಯವನೇ. ಇಲ್ಲಿ ಜವಳಿ ವ್ಯಾಪಾರ ಮಾಡುತ್ತಿದ್ದ ತುಳಸಿ ತಾಂತಿ, ಕರೆಂಟ್ ಬಿಲ್ ತಾಳಲಾರದೆ ಎರಡು ಗಾಳಿಯಂತ್ರ ಹಾಕಿಸಿದವರು, 1995ರಲ್ಲಿ ಸುಜ್ಲಾನ್ ಕಂಪನಿಯನ್ನೇ ಕಟ್ಟಿದರು. ಅದಕ್ಕೂ ಮೊದಲು, 1985ರಲ್ಲೇ, ವೆರಾವಲ್‌ನಲ್ಲಿ ಗ್ರಿಡ್ಡಿಗೆ ಕರೆಂಟು ಕೊಡುವ ಯಂತ್ರ ನಿಂತಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಪ್ಪ ವಾಷರ್ ಹುಡುಕುತ್ತಿದ್ದ. ಅದೇ ಗಾಳಿ, ಆದರೆ ಗ್ರಿಡ್ಡಿನವರಿಗೆ ಏಪ್ರಿಲಿಗಾಗಿ ಕಾಯಬೇಕಿಲ್ಲ, ಬೀಸಿದಾಗ ಬೀಸಿದಷ್ಟು ಮಾರಬಹುದು. ಈಗ ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲೂ ದೈತ್ಯ ಯಂತ್ರಗಳಿವೆ. ನಮ್ಮ ಬೋರಿಗೆ ಮಾತ್ರ ಕರೆಂಟು ಇನ್ನೂ ಪಾಳಿಯ ಮೇಲೆ.

ಮನೆಗೆ ಬಂದು ಟ್ರಂಕು ತೆಗೆದೆ. ನಮ್ಮ ಯಂತ್ರದ್ದು ಒಂದೇ ಒಂದು ಫೋಟೋ ಇದೆ. ಚಂದಕ್ಕೆ ತೆಗೆದದ್ದಲ್ಲ. ಯಂತ್ರ ನಿಲ್ಲಿಸಿದ್ದಕ್ಕೆ ಸಾಕ್ಷಿ ಬೇಕೆಂದು ಕಡತಕ್ಕಾಗಿ ತೆಗೆಸಿದ್ದು, ಒಂದು ಪ್ರತಿ ಹೇಗೋ ಮನೆಗೆ ಬಂತು. ಗೋಪುರದ ಪಕ್ಕ ಅಪ್ಪ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾನೆ. ಹಿಂದೆ ಚಕ್ರ ಹೊಳೆಯುತ್ತಿದೆ, ಹೊಚ್ಚಹೊಸದು.

ಅಹಮದಾಬಾದಿಗೆ ಕೆಲಸದ ಮೇಲೆ ಹೋದ ಭಾನುವಾರ, ಎಲ್ಲಿಸ್ ಬ್ರಿಡ್ಜ್ ಕೆಳಗಿನ ರವಿವಾರಿ ಸಂತೆಯಲ್ಲಿ ಒಂದು ಹಳೆಯ ಮರದ ಚೌಕಟ್ಟು ಆರಿಸಿದೆ. ಒಳಗಿದ್ದ ಯಾರದೋ ಮದುವೆ ಫೋಟೋವನ್ನು ವ್ಯಾಪಾರಿ ಮಾತಿಲ್ಲದೆ ತೆಗೆದು ಪಕ್ಕಕ್ಕಿಟ್ಟ. ಅದು ಸ್ವಲ್ಪ ಚುಚ್ಚಿತು. ಆದರೂ ಚೌಕಾಸಿ ಬಿಡಲಿಲ್ಲ.

ಮಗಳು ಫೋಟೋವನ್ನು ಬಹಳ ಹೊತ್ತು ನೋಡಿದಳು. "ಅಜ್ಜ ಯಾಕೆ ನಗ್ತಿಲ್ಲ?" ಅಂದಳು. ವಾಷರಿನ ಕಥೆ, ಗುಜರಿಯ ಕಥೆ, ಎಲ್ಲ ಹೇಳಿದೆ. ಸಾಲದ ಮೊತ್ತವನ್ನೂ ಕೇಳಿದಳು, ಹೇಳಿದೆ. ಬಣ್ಣ ಹೊಂದುವುದಿಲ್ಲವೆಂದು ಹಾಲಿನಲ್ಲಿ ಹಾಕಲಿಲ್ಲ. ಅಡುಗೆಮನೆಯಲ್ಲಿ, ನೀರಿನ ಫಿಲ್ಟರಿನ ಪಕ್ಕ ಮೊಳೆ ಹೊಡೆಸಿದ್ದಾಳೆ. ಹಾಲಿನಲ್ಲಿ ಅಮೆರಿಕದ್ದು ಹಾಗೇ ಇದೆ.