ಕೌಶಲ ಮಾರಲು ಬಂದವರು, ಕಲಿಸಲು ಬಂದವರು

2015ರಲ್ಲಿ ಕೇಂದ್ರ ಸರ್ಕಾರ ಹೊರತಂದ ರಾಷ್ಟ್ರೀಯ ಕೌಶಲಾಭಿವೃದ್ಧಿ ನೀತಿಯಲ್ಲಿ ಒಂದು ಹೋಲಿಕೆ ಇತ್ತು. ದುಡಿಯುವ ಜನರಲ್ಲಿ ಕ್ರಮಬದ್ಧ ತರಬೇತಿ ಪಡೆದವರು ದಕ್ಷಿಣ ಕೊರಿಯಾದಲ್ಲಿ ಶೇ 96, ಜಪಾನಿನಲ್ಲಿ ಶೇ 80, ಜರ್ಮನಿಯಲ್ಲಿ ಶೇ 75. ಭಾರತದಲ್ಲಿ ಶೇ 4.69. ಓದಿದ ನಮಗೆ ಮುಜುಗರ. ತರಬೇತಿಯನ್ನೇ ವ್ಯಾಪಾರ ಮಾಡಿಕೊಂಡ ವಿದೇಶಿ ಸಂಸ್ಥೆಗಳಿಗೆ ಮಾತ್ರ ಅದೇ ಅಂಕಿ ಬೇರೆ ರೀತಿ ಕಾಣುತ್ತದೆ: ನೂರಕ್ಕೆ ತೊಂಬತ್ತೈದು ಮಂದಿ ಇನ್ನೂ ಗಿರಾಕಿಗಳಾಗಿಲ್ಲ!

ಆ ಆಸೆ ಹುಟ್ಟಿದ್ದು ಅದಕ್ಕೂ ಮೊದಲೇ. 2008ರಲ್ಲಿ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಮರುವರ್ಷದ ನೀತಿ, 2022ರೊಳಗೆ 50 ಕೋಟಿ ಜನರಿಗೆ ಕೌಶಲ ಕಲಿಸುವ ಗುರಿ ಹಾಕಿಕೊಂಡಿತು. ಶಿಕ್ಷಣದಲ್ಲಿ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಅವಕಾಶವಿತ್ತು. ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿಗಳಿಂದ ನಿಯೋಗಗಳು ಬಂದವು, ಒಪ್ಪಂದಗಳಿಗೆ ಸಹಿ ಬಿದ್ದವು. ಐವತ್ತು ಕೋಟಿಯಲ್ಲಿ ಬರೀ ಶೇ 1ರಷ್ಟು ಸಿಕ್ಕರೂ ಐವತ್ತು ಲಕ್ಷ ವಿದ್ಯಾರ್ಥಿಗಳು ಎಂಬ ಗುಣಾಕಾರ ಯಾರಿಗೆ ತಾನೆ ಬೇಡ?

ಗುಣಾಕಾರ ಸರಿಯೇ ಇತ್ತು. ಶುಲ್ಕ ಕೊಡುವವರು ಯಾರು ಎಂಬುದು ಅದರಲ್ಲಿ ಬಿಟ್ಟುಹೋಗಿತ್ತು.

ನಮ್ಮ ಮನೆಗಳನ್ನೇ ನೋಡಿ. ಮಗನನ್ನು ಎಂಜಿನಿಯರ್ ಮಾಡಲು ಹೊಲ ಅಡವಿಡುವ ಅಪ್ಪ, ವೆಲ್ಡಿಂಗ್ ಕಲಿಸಲು ಐದು ಸಾವಿರ ಕೊಡು ಎಂದರೆ ಎರಡು ಸಲ ಯೋಚಿಸುತ್ತಾನೆ. ಅವನ ಲೆಕ್ಕ ತಪ್ಪೇನಲ್ಲ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪ್ರಮಾಣಪತ್ರ ಇದ್ದವನಿಗೂ ನೋಡಿ ಕಲಿತವನಿಗೂ ಹೆಚ್ಚುಕಡಿಮೆ ಒಂದೇ ಸಂಬಳ. ಮಾಲೀಕನೂ ದುಡ್ಡು ಹಾಕುವುದಿಲ್ಲ. ಕಲಿತ ಹುಡುಗ ಮುಂದಿನ ತಿಂಗಳು ಪಕ್ಕದ ಶೆಡ್‌ಗೆ ಹೋದರೆ ನಷ್ಟ ಅವನದೇ. ಉಳಿದದ್ದು ಸರ್ಕಾರ. 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂದಾಗ ಅಲ್ಪಾವಧಿ ತರಬೇತಿ ಉಚಿತವಾಯಿತು. ಗಂಟೆಗೆ, ತಲೆಗೆ ಇಷ್ಟು ಎಂದು ಕೇಂದ್ರಗಳಿಗೆ ಹಣ ನಿಗದಿಯಾಯಿತು. ಪಕ್ಕದ ಬೀದಿಯಲ್ಲಿ ಬಿಟ್ಟಿಯಾಗಿ ಸಿಗುವುದಕ್ಕೆ ವಿದೇಶಿ ಸಂಸ್ಥೆಗೆ ಶುಲ್ಕ ಕಟ್ಟುವವರು ಯಾರು? ಸರ್ಕಾರದ ದರಕ್ಕೇ ಕಲಿಸೋಣವೆಂದರೆ ಒಳ್ಳೆಯ ಯಂತ್ರ, ಅನುಭವಿ ಬೋಧಕ, ಕಟ್ಟುನಿಟ್ಟಿನ ಪರೀಕ್ಷೆ ಯಾವುದಕ್ಕೂ ಅದು ಸಾಲದು. ಹೀಗಾಗಿ ಪಠ್ಯವನ್ನೂ ಲಾಂಛನವನ್ನೂ ಕೊಟ್ಟು, ಕಲಿಸುವ ಕೆಲಸವನ್ನು ಸ್ಥಳೀಯ ಕೇಂದ್ರಗಳಿಗೆ ಬಿಡುವ ಸುಲಭದ ದಾರಿಯೊಂದು ತೆರೆದುಕೊಂಡಿತು. ಕ್ಷೇತ್ರವಾರು ಕೌಶಲ ಮಂಡಳಿಗಳ ಕೆಲಸ ಪರಿಶೀಲಿಸಿದ ಶಾರದಾ ಪ್ರಸಾದ್ ಸಮಿತಿ 2016ರಲ್ಲೇ ಈ ಸಂಖ್ಯೆಗಳ ಓಟವನ್ನು ಟೀಕಿಸಿತ್ತು.

ಅಂಥದೊಂದು ಪ್ರಮಾಣಪತ್ರ ನನ್ನ ಬಳಿಯೂ ಇದೆ. ಐಟಿಐ ಮುಗಿಸಿದ ವರ್ಷ ಒಂದು ಖಾಸಗಿ ಕೇಂದ್ರದಲ್ಲಿ ಆರು ವಾರ ಕಲಿತೆ. ಗಟ್ಟಿ ಕಾಗದ, ಮೇಲೆ ಹೊರದೇಶದ ಲಾಂಛನ. ಸಿಎನ್‌ಸಿ ಯಂತ್ರವನ್ನು ನೋಡಿದ್ದು ಮಾತ್ರ ಪರದೆಯ ಮೇಲೆ. ಮೊದಲ ಸಂದರ್ಶನದಲ್ಲಿ ಫೋರ್‌ಮನ್ ಅದನ್ನು ಒಮ್ಮೆ ನೋಡಿ ಬದಿಗಿಟ್ಟು, ಅಪ್ರೆಂಟಿಸ್ ಎಲ್ಲಿ ಮಾಡಿದ್ದೀಯ ಅಂತ ಕೇಳಿದರು. ಎಲ್ಲೂ ಮಾಡಿರಲಿಲ್ಲ.

ಹಾಗಾದರೆ ಹೊರಗಿನವರು ಇಲ್ಲಿ ಏನೂ ಕಲಿಸಲಿಲ್ಲವೇ? ಕಲಿಸಿದ್ದಾರೆ, ಅದೂ ಚೆನ್ನಾಗಿ. ಅದಕ್ಕೆ ದೂರ ಹೋಗಬೇಕಿಲ್ಲ. ಟೊಯೊಟಾ 2007ರಲ್ಲಿ ಬಿಡದಿಯಲ್ಲಿ ತರಬೇತಿ ಶಾಲೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನು ಮೂರು ವರ್ಷ ಅಲ್ಲೇ ಉಳಿಸಿಕೊಂಡು ಕಲಿಸತೊಡಗಿತು. 2017ರಲ್ಲಿ ಶುರುವಾದ ಮೊದಲ ನಾಲ್ಕು ಭಾರತ–ಜಪಾನ್ ಉತ್ಪಾದನಾ ತರಬೇತಿ ಸಂಸ್ಥೆಗಳಲ್ಲಿ ಅದೂ ಒಂದು. ಉಳಿದವು ಸುಜುಕಿ, ಡೈಕಿನ್ ಮತ್ತು ಯಮಹಾ ಕಂಪನಿಗಳದು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ, ಅಂದರೆ ಇಂದಿನ ಬಾಷ್, ದಶಕಗಳ ಹಿಂದೆಯೇ ಅಪ್ರೆಂಟಿಸ್‌ಗಳನ್ನು ತಯಾರು ಮಾಡುತ್ತಿತ್ತು. ನಮ್ಮ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹುಟ್ಟಿದ್ದು. ಇನ್ನೂ ಹಿಂದೆ ಹೋದರೆ ಮಂಗಳೂರಿನ ಬಾಸೆಲ್ ಮಿಷನ್. 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ಅಲ್ಲಿ ಕಲಿಸುವುದಕ್ಕೂ ದುಡಿಸುವುದಕ್ಕೂ ಬೇರೆ ಬೇರೆ ಕಟ್ಟಡ ಇದ್ದಿರಲಾರದು!

ಇವುಗಳಲ್ಲಿ ಜಿಟಿಟಿಸಿಯ ಹಿಂದಿದ್ದದ್ದು ಸರ್ಕಾರ. ಉಳಿದವರಾರೂ ತರಬೇತಿ ಮಾರಲು ಬಂದವರಲ್ಲ. ಅವರಿಗೆ ಬೇಕಿದ್ದದ್ದು ಕಾರು, ಡೀಸೆಲ್ ಪಂಪು, ಹೆಂಚು. ತರಬೇತಿಯ ಖರ್ಚು ಆ ವಸ್ತುವಿನ ಬೆಲೆಯಲ್ಲೇ ಸೇರುತ್ತಿತ್ತು. ಹುಡುಗ ಸರಿಯಾಗಿ ಕಲಿಯದಿದ್ದರೆ ನಷ್ಟ ಕಲಿಸಿದವರಿಗೆ. ನನಗೆ ಕಲಿಸಿದ ಕೇಂದ್ರಕ್ಕೆ ಅಂಥ ಯಾವ ಭಯವೂ ಇರಲಿಲ್ಲ, ಪ್ರಮಾಣಪತ್ರ ಕೊಟ್ಟ ದಿನವೇ ಅದರ ವ್ಯಾಪಾರ ಮುಗಿದಿತ್ತು.

ಈ ಮಾದರಿಗೂ ಮಿತಿ ಇದೆ, ಒಪ್ಪಬೇಕು. 2016ರ ಒಪ್ಪಂದದಲ್ಲಿ ಜಪಾನ್ ಹೇಳಿದ್ದು ಹತ್ತು ವರ್ಷದಲ್ಲಿ 30 ಸಾವಿರ ಮಂದಿಗೆ ತರಬೇತಿ ಎಂದು. ಕೋಟಿಗಳ ಗುರಿಯ ಮುಂದೆ ಅದು ಬೊಗಸೆ ನೀರು. ಕಾರ್ಖಾನೆ ತನಗೆ ಬೇಕಾದಷ್ಟು ಜನರಿಗೆ ಕಲಿಸುತ್ತದೆಯೇ ಹೊರತು ನಮ್ಮ ತಾಲ್ಲೂಕಿನ ಅಷ್ಟೂ ಹುಡುಗ ಹುಡುಗಿಯರಿಗಲ್ಲ.

ಈಗ ಮೂರನೇ ಬಗೆಯೊಂದು ಬೆಳೆಯುತ್ತಿದೆ. ಜರ್ಮನಿ ತನ್ನಲ್ಲಿ ದುಡಿಯುವ ಕೈಗಳು ಸಾಲದೆ, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ 2024ರಲ್ಲಿ ಪ್ರಕಟಿಸಿತು. 2025ರ ಆಗಸ್ಟ್‌ನಲ್ಲಿ ಜಪಾನ್, ಐದು ವರ್ಷಗಳಲ್ಲಿ 50 ಸಾವಿರ ಭಾರತೀಯ ಕುಶಲಕರ್ಮಿಗಳನ್ನು ಬರಮಾಡಿಕೊಳ್ಳುವ ಯೋಜನೆಗೆ ಒಪ್ಪಿತು. ಇಲ್ಲಿ ಶುಲ್ಕದ ಸಮಸ್ಯೆ ತಾನಾಗಿ ಬಗೆಹರಿದಿದೆ. ಅಲ್ಲಿನ ಸಂಬಳ ಇಲ್ಲಿಯದಕ್ಕಿಂತ ಹಲವು ಪಟ್ಟು ಎಂದಾಗ ನರ್ಸಿಂಗ್ ಮುಗಿಸಿದ ಹುಡುಗಿ ಸಾಲ ಮಾಡಿಯಾದರೂ ಭಾಷೆ ಕಲಿಯುತ್ತಾಳೆ. ಜರ್ಮನಿಯ ಒಳಗೆ ಅಪ್ರೆಂಟಿಸ್ ಆಗುವವರಿಗೆ ಕಂಪನಿಯೇ ತಿಂಗಳ ಭತ್ಯೆ ಕೊಡುತ್ತದೆ. ವಾರದ ಹೆಚ್ಚಿನ ದಿನ ಕಾರ್ಖಾನೆ, ಒಂದೆರಡು ದಿನ ಶಾಲೆ. ಅದೇ ಜರ್ಮನಿಗೆ ಹೋಗಲು ಇಲ್ಲಿಯವರು ಏಜೆಂಟರ ಕೈಗೆ ತಾವೇ ಹಣ ಕೊಟ್ಟು, ಕೆಲಸ ಸಿಗದಿದ್ದರೆ ನಷ್ಟವನ್ನೂ ತಾವೇ ಹೊರುತ್ತಾರೆ. ಅಲ್ಲಿನ ವ್ಯವಸ್ಥೆಯಲ್ಲಿ ನಾವು ಹೊಗಳುವ ಗುಣವೇ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ.

ಇಷ್ಟೆಲ್ಲ ಈಗ ಹೇಳಲು ಕಾರಣವಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 60 ಸಾವಿರ ಕೋಟಿ ರೂಪಾಯಿಯ ಐಟಿಐ ಉನ್ನತೀಕರಣ ಯೋಜನೆಗೆ ಒಪ್ಪಿಗೆ ನೀಡಿದೆ. ಸಾವಿರ ಸರ್ಕಾರಿ ಐಟಿಐಗಳ ಜೊತೆಗೆ ಚೆನ್ನೈ, ಹೈದರಾಬಾದ್, ಭುವನೇಶ್ವರ, ಕಾನ್ಪುರ ಮತ್ತು ಲುಧಿಯಾನದಲ್ಲಿ ವಿದೇಶಿ ಸಹಭಾಗಿತ್ವದ ಐದು ಉತ್ಕೃಷ್ಟತಾ ಕೇಂದ್ರಗಳು ಬರಲಿವೆ. ಜಪಾನಿ, ಸ್ವಿಸ್, ಡೇನಿಷ್ ತರಬೇತಿಯನ್ನು ಕಂಡ ಬೆಂಗಳೂರಿನ ಹೆಸರು ಪಟ್ಟಿಯಲ್ಲಿಲ್ಲ ಎಂಬುದು ಬೇರೆ ಮಾತು. ಯೋಜನೆಯಲ್ಲಿ ಕೇಂದ್ರದ ಪಾಲು 30 ಸಾವಿರ ಕೋಟಿ, ರಾಜ್ಯಗಳದು 20 ಸಾವಿರ ಕೋಟಿ, ಉದ್ಯಮದ್ದು 10 ಸಾವಿರ ಕೋಟಿ. ನನ್ನ ಕಣ್ಣು ಇರುವುದು ಈ ಕೊನೆಯ ಹತ್ತು ಸಾವಿರದ ಮೇಲೆ. ಕಂಪನಿಗಳು ಅದನ್ನು ನಿಜವಾಗಿ ತಮ್ಮ ಜೇಬಿನಿಂದ ಹಾಕಿದರೆ, ಕಲಿತವರು ಕೆಲಸಕ್ಕೆ ಬಾರದಿದ್ದಾಗ ನೋವು ಅವರಿಗೂ ತಾಗುತ್ತದೆ. ವಿದೇಶಿ ಪಾಲುದಾರರಿಗೂ ಅಂಥದೇ ಒಂದು ಷರತ್ತು ಬೇಕು. ದಾಖಲಾತಿಗೆ ಸ್ವಲ್ಪ, ಉತ್ತೀರ್ಣರಾದವರಿಗೆ ಸ್ವಲ್ಪ, ದೊಡ್ಡ ಪಾಲನ್ನು ಮಾತ್ರ ವಿದ್ಯಾರ್ಥಿ ಒಂದು ವರ್ಷ ಸಂಬಳ ಎಣಿಸಿದ ಮೇಲೆ ಕೊಡಲಿ. ರಾಜ್ಯ ತನ್ನ ಐಟಿಐಗಳಿಗೆ ಪಾಲುದಾರರನ್ನು ಒಪ್ಪುವಾಗ ಈ ಒಂದು ಸಾಲನ್ನು ಬರೆಸಿಕೊಳ್ಳಬಹುದು. ಅದಕ್ಕೆ ಒಪ್ಪದ ಸಂಸ್ಥೆ ಯಾವ ದೇಶದ್ದಾದರೂ, ಅದರ ಲಾಂಛನ ಎಷ್ಟೇ ದೊಡ್ಡದಿದ್ದರೂ ನಮಗೆ ಬೇಡ. ಆ ಗಟ್ಟಿ ಕಾಗದ ನನ್ನ ಟ್ರಂಕಿನಲ್ಲಿ ಈಗಾಗಲೇ ಒಂದಿದೆ.