ತಲೆ ಎಣಿಸುವ ಜಾಗ ರಾಜಭವನವಲ್ಲ

ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲು ಕೊಡುವ ಮಸೂದೆಯನ್ನು 2025ರ ಮಾರ್ಚ್ 21ರಂದು ವಿಧಾನಸಭೆ ಪಾಸು ಮಾಡಿತು. 2 ಕೋಟಿ ರೂಪಾಯಿವರೆಗಿನ ಕಾಮಗಾರಿ, 1 ಕೋಟಿವರೆಗಿನ ಸರಕು ಮತ್ತು ಸೇವೆಗಳಿಗೆ ಇದು ಅನ್ವಯ. ಪರಿಶಿಷ್ಟ ಜಾತಿ, ಪಂಗಡದವರಿಗೂ ಪ್ರವರ್ಗ 1 ಮತ್ತು 2ಎಗೂ ಇಂಥ ಮೀಸಲು ಮೊದಲೇ ಇತ್ತು. ಏಪ್ರಿಲ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅದಕ್ಕೆ ಅಂಕಿತ ಹಾಕದೆ, ಧರ್ಮದ ಆಧಾರದ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬ ಕಾರಣ ಕೊಟ್ಟು, ರಾಷ್ಟ್ರಪತಿಗಳ ಪರಿಶೀಲನೆಗೆ ಕಳಿಸಿದರು.

ಈ ಸುದ್ದಿ ಬಂದಾಗ ನಮ್ಮವರ ಮಾತು ಹೆಚ್ಚಾಗಿ ಒಂದೇ ಇತ್ತು: ನಮ್ಮದಾದ್ದರಿಂದ ತಡೆದರು. ಸಿಟ್ಟು ಸಹಜ. 2ಬಿ ಎಂಬುದು ಧರ್ಮಕ್ಕೆ ಕೊಟ್ಟದ್ದೋ ಹಿಂದುಳಿದಿರುವಿಕೆಗೆ ಕೊಟ್ಟದ್ದೋ ಎಂಬ ವಾದವೂ ನಡೆಯಲಿ, ಅದು ನಡೆಯಬೇಕಾದ ವಾದವೇ. ಆದರೆ ಇಷ್ಟಕ್ಕೇ ನಿಂತರೆ ದೊಡ್ಡ ಪ್ರಶ್ನೆಯೊಂದು ಕೈತಪ್ಪುತ್ತದೆ. ಜನ ಆರಿಸಿದ ಸದನ ಒಂದು ತೀರ್ಮಾನ ಮಾಡಿದ ಮೇಲೆ, ಜನ ಆರಿಸದ ಒಬ್ಬರು ಅದನ್ನು ಎಷ್ಟು ದಿನ ನಿಲ್ಲಿಸಿಡಬಹುದು? ಯಾರಿಗೆ ಉತ್ತರ ಕೊಟ್ಟು ನಿಲ್ಲಿಸಬೇಕು?

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಇಡೀ ದೇಶಕ್ಕೆ ಇದರ ಅರ್ಧ ಉತ್ತರ ಸಿಕ್ಕಿದ್ದೂ ಕರ್ನಾಟಕದ ಕೇಸಿನಿಂದಲೇ, ಅದೂ ನಾನೀಗ ಇರುವ ಧಾರವಾಡ ಸೀಮೆಯ ರಾಜಕಾರಣಿಯೊಬ್ಬರ ಹೆಸರಿನಲ್ಲಿ.

ನಾನು ಮಕ್ಕಳಿಗೆ ಓದಿಸುವ ಮೊರಬ, ನವಲಗುಂದ ತಾಲೂಕಿನ ಊರು. ಕರಾವಳಿಯ ಹಿರಿಯರಿಗೆ ನವಲಗುಂದ ಅಂದರೆ 1980ರ ಜುಲೈ 21 ನೆನಪಿರಬಹುದು. ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಗುಂಡೂರಾಯರ ಸರಕಾರದ ಮೇಲಿನ ಆ ಸಿಟ್ಟೂ ಸೇರಿಯೇ 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂದದ್ದು. 1985ರಲ್ಲಿ ಜನ ಮತ್ತೊಮ್ಮೆ ಗೆಲ್ಲಿಸಿದರು. 1988ರ ಆಗಸ್ಟ್‌ನಲ್ಲಿ ಹೆಗಡೆ ಇಳಿದಾಗ ಮುಖ್ಯಮಂತ್ರಿಯಾದವರು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ ಎಸ್.ಆರ್. ಬೊಮ್ಮಾಯಿ. ಹೀಗೆ ಮತಪೆಟ್ಟಿಗೆಯಿಂದ ಬಂದ ಸರಕಾರವನ್ನು ಕಳಿಸಲು ಮಾತ್ರ ಕೆಲವು ಕಾಗದಗಳು ಸಾಕಾದವು.

ನಡೆದದ್ದು ಇಷ್ಟು. 1989ರ ಏಪ್ರಿಲ್‌ನಲ್ಲಿ ಮಂತ್ರಿಮಂಡಲ ವಿಸ್ತರಣೆಯಾಯಿತು. ಎರಡೇ ದಿನಕ್ಕೆ ಶಾಸಕ ಕಲ್ಯಾಣರಾವ್ ಮೊಳಕೇರಿ ಪಕ್ಷ ಬಿಟ್ಟರು, ಸರಕಾರಕ್ಕೆ ಬೆಂಬಲ ವಾಪಸ್ ಎಂದು 19 ಶಾಸಕರ ಸಹಿ ಇದ್ದವೆನ್ನಲಾದ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. 19ರಂದು ರಾಜ್ಯಪಾಲರು ದಿಲ್ಲಿಗೆ ವರದಿ ಬರೆದರು: ಸರಕಾರಕ್ಕೆ ಬಹುಮತವಿಲ್ಲ. ಮುಖ್ಯಮಂತ್ರಿಯನ್ನು ಒಂದು ಮಾತೂ ಕೇಳಲಿಲ್ಲ. ಮರುದಿನವೇ ಆ 19 ಮಂದಿಯಲ್ಲಿ 7 ಮಂದಿ, ನಮ್ಮ ಸಹಿಯನ್ನು ತಪ್ಪು ತಿಳಿಸಿ ಪಡೆದಿದ್ದಾರೆ, ನಾವು ಬೊಮ್ಮಾಯಿಯವರ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಏಪ್ರಿಲ್ 27ಕ್ಕೆ ಅಧಿವೇಶನ ಇದೆ, ಬೇಕಾದರೆ ಇನ್ನೂ ಮೊದಲೇ ಕರೆಯೋಣ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರು. ರಾಜ್ಯಪಾಲರು ಅದೇ ದಿನ ಎರಡನೇ ವರದಿ ಕಳಿಸಿದರು. ಅದರಲ್ಲೂ ಹಳೇ ಅಭಿಪ್ರಾಯವೇ. 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸರಕಾರ ಹೋಯಿತು, ವಿಧಾನಸಭೆಯೂ ಹೋಯಿತು.

ನಮ್ಮ ಜಮಾಅತ್‌ಗಳ ಲೆಕ್ಕದಲ್ಲಿ ನೋಡಿ. ಕಮಿಟಿಯ ಅಧ್ಯಕ್ಷರ ಮೇಲೆ ನಂಬಿಕೆ ಇಲ್ಲ ಎಂದು ಯಾರೋ 19 ಸಹಿಯ ಕಾಗದ ತಂದು ಖತೀಬರ ಕೈಗೆ ಕೊಟ್ಟರು ಅಂತಿಟ್ಟುಕೊಳ್ಳಿ. ಖತೀಬರಿಗೆ ಊರಲ್ಲಿ ಗೌರವವಿದೆ, ಅವರ ಮಾತಿಗೆ ತೂಕವಿದೆ. ಆದರೆ ಅವರು ತಮ್ಮ ಕೋಣೆಯಲ್ಲಿ ಕೂತು ಸಹಿ ಎಣಿಸಿ, ಕಮಿಟಿ ಬರ್ಖಾಸ್ತು ಎಂದು ಬೋರ್ಡಿಗೆ ಹಚ್ಚಿದರೆ ಜಮಾಅತಿನವರು ಸುಮ್ಮನಿರುತ್ತಾರಾ? ಮಹಾಸಭೆ ಕರೆಯಿರಿ, ಎದುರೆದುರು ಕೈ ಎತ್ತಲಿ ಅನ್ನುತ್ತಾರೆ. ಹಳ್ಳಿಯ ಮಸೀದಿಗೆ ಗೊತ್ತಿರುವ ಈ ನಿಯಮವನ್ನು ರಾಜಭವನಕ್ಕೆ ಹೇಳಿಕೊಡಲು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಕೂರಬೇಕಾಯಿತು.

1994ರ ಮಾರ್ಚ್ 11ರ ತೀರ್ಪು ಅದು. ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ನೋಡಬೇಕಾದ ಜಾಗ ಸದನ, ರಾಜ್ಯಪಾಲರ ಸ್ವಂತ ಅಂದಾಜು ಸಾಲದು ಎಂದು ಹೇಳಿತು. 356ನೇ ವಿಧಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸಬಾರದು ಎಂದೂ ಹೇಳಿತು. ಬೊಮ್ಮಾಯಿಯವರಿಗೆ ಇದರಿಂದ ಕುರ್ಚಿ ಸಿಗಲಿಲ್ಲ ಬಿಡಿ. 1989ರ ಕೊನೆಗೇ ಚುನಾವಣೆ ಮುಗಿದು ವೀರೇಂದ್ರ ಪಾಟೀಲರ ಸರಕಾರ ಬಂದಾಗಿತ್ತು. ನ್ಯಾಯ ಸಿಕ್ಕಿತು, ಐದು ವರ್ಷ ತಡವಾಗಿ, ಮುಂದೆ ಬರುವವರಿಗೆ.

ಅದೇ ತೀರ್ಪು ಜಾತ್ಯತೀತತೆ ಸಂವಿಧಾನದ ಮೂಲಲಕ್ಷಣ ಎಂದೂ ಸಾರಿತು. ನಮ್ಮ ಸಭೆಗಳಲ್ಲಿ ಭಾಷಣಕಾರರು ಆ ಭಾಗವನ್ನು ಮಾತ್ರ ಎತ್ತಿ ಹೇಳುತ್ತಾರೆ, ಬಹುಮತದ ಭಾಗವನ್ನು ವಕೀಲರಿಗೆ ಬಿಟ್ಟುಬಿಡುತ್ತಾರೆ. ಎರಡೂ ನಮಗೆ ಬೇಕಾದವೇ.

ಯಾಕೆ ಅಂತ ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿಯವರ ಸರಕಾರ ಮುಸ್ಲಿಮರನ್ನು ಶೇ. 4ರ 2ಬಿ ಮೀಸಲಾತಿಯಿಂದ ಹೊರಗೆ ಹಾಕಿತು. ತಂದೆಯ ಹೆಸರಿನ ತೀರ್ಪನ್ನು ಮದ್ರಸದ ಮಕ್ಕಳಿಗೆ ವಿವರಿಸುವಾಗ ಮಗನ ಈ ಆದೇಶ ನೆನಪಾಗದೆ ಇರುವುದಿಲ್ಲ. ಆದರೂ ಅದು ಚುನಾಯಿತ ಮಂತ್ರಿಮಂಡಲದ ತೀರ್ಮಾನ. ಅದನ್ನು ಬಯ್ಯಲು ಒಂದು ವಿಳಾಸವಿತ್ತು, ಕೇಳಲು ಕೋರ್ಟಿತ್ತು, ಉತ್ತರ ಕೊಡಲು ಎರಡು ತಿಂಗಳೊಳಗೆ ಮತಗಟ್ಟೆಯೂ ಇತ್ತು. ರಾಜಭವನದಲ್ಲಿ ಒಂದು ಫೈಲು ನಿಂತರೆ ಯಾವ ಮತಗಟ್ಟೆಗೆ ಹೋಗುವುದು? 361ನೇ ವಿಧಿ ಪ್ರಕಾರ ರಾಜ್ಯಪಾಲರು ತಮ್ಮ ಅಧಿಕಾರ ಚಲಾವಣೆಗೆ ಯಾವ ನ್ಯಾಯಾಲಯಕ್ಕೂ ಸ್ವತಃ ಉತ್ತರದಾಯಿಯಲ್ಲ.

ಇದನ್ನು ಒಂದು ಪಕ್ಷದ ಮೇಲೆ ಹಾಕಿ ಸುಮ್ಮನಾಗುವವರಿಗೆ ಒಂದಿಷ್ಟು ಹಳೆಯ ಲೆಕ್ಕ. 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರಕಾರ ವಜಾ ಆದಾಗ ದಿಲ್ಲಿಯಲ್ಲಿ ಇದ್ದದ್ದು ಜನತಾ ಪಕ್ಷ. ಎರಡು ತಿಂಗಳಲ್ಲಿ ಅರಸು ಗೆದ್ದು ಬಂದರು. 1989ರಲ್ಲಿ ಜನತಾ ದಳದ ಸರಕಾರ ಹೋದಾಗ ದಿಲ್ಲಿಯಲ್ಲಿ ಕಾಂಗ್ರೆಸ್. 2010 ಮತ್ತು 2011ರಲ್ಲಿ ಯಡಿಯೂರಪ್ಪನವರ ಸರಕಾರದ ವಿರುದ್ಧ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದವರು ಕಾಂಗ್ರೆಸಿನ ಹಿನ್ನೆಲೆಯ ಎಚ್.ಆರ್. ಭಾರದ್ವಾಜ್. ಆಗ ನಮ್ಮವರಲ್ಲಿ ಚಪ್ಪಾಳೆ ಹೊಡೆದವರು ಕಡಿಮೆ ಇರಲಿಲ್ಲ. ಕೇಂದ್ರ ಒಪ್ಪದಿದ್ದರಿಂದ ಅದು ನಡೆಯಲಿಲ್ಲ. 2018ರಲ್ಲಿ ವಜುಭಾಯಿ ವಾಲಾ 104 ಸ್ಥಾನದ ಬಿಜೆಪಿಯನ್ನು ಕರೆದು ಬಹುಮತಕ್ಕೆ 15 ದಿನ ಕೊಟ್ಟರು. ಕಾಂಗ್ರೆಸ್ಸು, ಜೆಡಿಎಸ್ಸು ಕೂಡಿದರೆ ಅದಕ್ಕಿಂತ ಹೆಚ್ಚಿತ್ತು. ಕೋರ್ಟು ನಡುರಾತ್ರಿ ಕೂತಿತು, ಮೇ 19ರ ಸಂಜೆ 4ಕ್ಕೇ ಸದನದಲ್ಲಿ ಎಣಿಸಿ ಎಂದಿತು. ಎಣಿಸುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಸಂಜೆ ಕೆಲಸ ಮಾಡಿದ್ದು ಬೊಮ್ಮಾಯಿ ತೀರ್ಪು.

ಇಂಥ ಅಧಿಕಾರವೇ ಇರಬಾರದು ಅಂತ ನಾನು ಹೇಳುವುದಿಲ್ಲ. ಯಾರಿಗೂ ಬಹುಮತ ಬಾರದಿದ್ದಾಗ ಮೊದಲು ಒಬ್ಬರನ್ನು ಕರೆಯಲೇಬೇಕು. ಸೋತ ಮುಖ್ಯಮಂತ್ರಿ ಸದನವನ್ನೇ ಕರೆಯದೆ ಕೂತರೆ ಎಬ್ಬಿಸುವವರು ಬೇಕು. ಬ್ರಿಟಿಷರ ಪದ್ಧತಿಯಿಂದ ಬಂದ ಹಲವು ದೇಶಗಳಲ್ಲಿ ಈ ಮೀಸಲು ಅಧಿಕಾರ ಉಳಿದಿದೆ, ಹಲವೆಡೆ ಅದರ ಗಡಿ ಮಸುಕಾಗಿಯೇ ಇದೆ. ಆಸ್ಟ್ರೇಲಿಯದಲ್ಲಿ ರಾಣಿಯ ಪ್ರತಿನಿಧಿ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಫ್ ವಿಟ್ಲಮ್ ಅವರನ್ನು 1975ರ ನವೆಂಬರ್ 11ರಂದು ವಜಾ ಮಾಡಿದರು. ಅಲ್ಲಿಯವರು ಈಗಲೂ ಅದರ ಬಗ್ಗೆ ಜಗಳಾಡುತ್ತಾರೆ.

ಈಗ ಮಸೂದೆಯ ಮಾತಿಗೆ ಬರೋಣ. ಬೊಮ್ಮಾಯಿ ತೀರ್ಪು ಬೀಗ ಹಾಕಿದ್ದು ಸರಕಾರ ಬೀಳಿಸುವ ಬಾಗಿಲಿಗೆ. ಮಸೂದೆಯ ಬಾಗಿಲು ಬೇರೆ, ಅದು 200ನೇ ವಿಧಿ. ರಾಜ್ಯಪಾಲರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಎಷ್ಟು ದಿನದಲ್ಲಿ? ಬರೆದಿಲ್ಲ. ಮುಂದಿನ 201ನೇ ವಿಧಿಯಲ್ಲಿ ಒಂದು ವಿಚಿತ್ರವಿದೆ. ರಾಷ್ಟ್ರಪತಿ ಮಸೂದೆಯನ್ನು ಸದನಕ್ಕೆ ಹಿಂದಕ್ಕೆ ಕಳಿಸಿದರೆ ಸದನ ಅದನ್ನು 6 ತಿಂಗಳೊಳಗೆ ಮತ್ತೆ ನೋಡಬೇಕು. ಶಾಸಕರಿಗೆ ಗಡುವಿದೆ, ರಾಜ್ಯಪಾಲರಿಗಿಲ್ಲ, ರಾಷ್ಟ್ರಪತಿಗೂ ಇಲ್ಲ! ಗುತ್ತಿಗೆ ಮಾಡಿ ಬದುಕುವ ಸಣ್ಣ ಕಂಟ್ರಾಕ್ಟರ್‌ಗೆ ಮಸೂದೆ ತಿರಸ್ಕಾರವಾಗುವುದೂ ಒಂದೇ, ವರ್ಷಗಟ್ಟಲೆ ಕೂರುವುದೂ ಒಂದೇ. ತಿರಸ್ಕಾರವಾದರೆ ಕಾರಣವನ್ನಾದರೂ ಎದುರಿಸಬಹುದು.

ತಮಿಳುನಾಡಿನ ಕೇಸಿನಲ್ಲಿ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಕಾಲಮಿತಿ ಹಾಕಿದ್ದರು. ನವೆಂಬರ್ 20ರಂದು ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕಲಾಗದು ಎಂದು ಅಭಿಪ್ರಾಯ ಕೊಟ್ಟಿತು. ಕಾರಣವಿಲ್ಲದೆ ಅನಿರ್ದಿಷ್ಟವಾಗಿ ಇಟ್ಟುಕೊಂಡರೆ ಮಾತ್ರ, ತೀರ್ಮಾನ ಮಾಡಿ ಎಂದು ಸೂಚಿಸಬಹುದಂತೆ. ಅನಿರ್ದಿಷ್ಟ ಅಂದರೆ ಎಷ್ಟು ತಿಂಗಳು ಎಂಬುದು ಮತ್ತೆ ಅನಿರ್ದಿಷ್ಟ. ಕೋರ್ಟಿನ ತರ್ಕ ನನಗೆ ಅರ್ಥವಾಗುತ್ತದೆ, ಬರೆಯದ್ದನ್ನು ಓದಲು ಹೋಗಬಾರದು ಎಂಬುದು ನಮ್ಮ ಮದ್ರಸದ ಪಾಠವೂ ಹೌದು. ಹಾಗಾದರೆ ಬರೆಯಬೇಕಾದವರು ಬರೆಯಬೇಕು.

ಅದು ಸಂಸತ್ತಿನ ಕೆಲಸ. ಕೇಂದ್ರ ಮತ್ತು ರಾಜ್ಯಗಳ ಸಂಬಂಧದ ಬಗ್ಗೆ 2010ರಲ್ಲಿ ವರದಿ ಕೊಟ್ಟ ಪುಂಛಿ ಆಯೋಗ, ರಾಜ್ಯಪಾಲರು 6 ತಿಂಗಳೊಳಗೆ ತೀರ್ಮಾನಿಸಬೇಕು ಎಂದು ಸಲಹೆ ಮಾಡಿತ್ತು. ಆಗ ಅಧಿಕಾರದಲ್ಲಿದ್ದವರೂ ಮಾಡಲಿಲ್ಲ, ಈಗಿನವರೂ ಮಾಡಿಲ್ಲ. ಕರ್ನಾಟಕದಿಂದ 28 ಮಂದಿ ಲೋಕಸಭೆಯಲ್ಲಿ ಇದ್ದಾರೆ. ಹಬ್ಬದ ದಿನ ಈದ್ಗಾದ ಬಾಗಿಲಲ್ಲಿ ನಿಂತು ಕೈ ಕುಲುಕುವವರು ಯಾವ ಪಕ್ಷದವರೇ ಆಗಲಿ, ನಮ್ಮ ಮಸೂದೆ ಏನಾಯ್ತು ಎಂದು ಕೇಳುವ ಜೊತೆಗೆ, 200ನೇ ವಿಧಿಗೆ ಗಡುವು ಬರೆಯುವ ತಿದ್ದುಪಡಿಗೆ ನೀವು ಕೈ ಎತ್ತುತ್ತೀರಾ ಎಂದೂ ಕೇಳಿ.