ಮೊದಲು ಕೆನ್ನೆ, ಆಮೇಲೆ ಸ್ಕೋಪ್

ಕೈಲ್‌ಪೊಳ್ದ್ ಹತ್ರ ಬಂತು. ಕೊಡಗಿನಲ್ಲಿ ಕೋವಿ ಒರೆಸಿ ಪೂಜೆಗಿಡೋ, ತೆಂಗಿನಕಾಯಿಗೆ ಗುಂಡು ಹೊಡೆಯೋ ಕಾಲ.

ನಮ್ಮಣ್ಣನ ಮಗ .22 ರೈಫಲ್‌ಗೆ 50 ಎಂ.ಎಂ. ಸ್ಕೋಪ್, ಎತ್ತರದ ರಿಂಗ್ ಹಾಕಿಸ್ಕೊಂಡು ಬಂದ. ಮಣ್ಣಿನ ಬರೆಗೆ ರಟ್ಟು ಆನಿಸಿ ಐದು ಹೊಡೆದ. ಎರಡು ರಟ್ಟಿಗೇ ತಾಗಲಿಲ್ಲ. ಕೆನ್ನೆ ಬಟ್‌ ಮೇಲೆ ಕೂರದೆ, ತಲೆ ಪ್ರತಿ ಸಲ ಬೇರೆ ಕಡೆ ನಿಲ್ತಿತ್ತು.

ನನ್ನ ಅಭಿಪ್ರಾಯ ಇಷ್ಟೇ: ಸ್ಕೋಪಿನ ಮುಂಭಾಗ ಕೊಳವೆಗೆ ತಾಗದೆ 2-3 ಎಂ.ಎಂ. ಸಂದಿ ಉಳಿದು, ಬೋಲ್ಟ್ ಸಲೀಸಾಗಿ ಆಡಿದ್ರೆ ಸಾಕು. ಅದಕ್ಕಿಂತ ಎತ್ತರ ದಂಡ. ಲೆನ್ಸ್ ಅಳತೆ ನಂಬ್ಬೇಡಿ, ಮುಂಭಾಗದ ಹೊರಸುತ್ತು ಅಳೀರಿ. ರಿಂಗ್ ಎತ್ತರವನ್ನ ಒಬ್ಬ ತಯಾರಕ ನಡುಮಧ್ಯಕ್ಕೆ ಅಳೀತಾನೆ, ಇನ್ನೊಬ್ಬ ಕೆಳಅಂಚಿಗೆ, ಕೇಳಿಯೇ ಕೊಳ್ಳಿ.

ಖಾಲಿ ಕೋವಿ ಹಿಡಿದು, ಕಣ್ಣು ಮುಚ್ಚಿ ಕೆನ್ನೆ ಒತ್ತಿ, ಆಮೇಲೆ ಕಣ್ಣು ಬಿಡಿ. ಕತ್ತು ಎತ್ತದೆ ಪೂರ್ತಿ ವೃತ್ತ ಕಂಡ್ರೆ ಎತ್ತರ ಸರಿ. ಅವನು ಈಗ 40 ಎಂ.ಎಂ. ಸ್ಕೋಪಿಗೆ, ತಗ್ಗಿನ ರಿಂಗಿಗೆ ಬಂದಿದ್ದಾನೆ.

ಕಾಯಿ ತಪ್ಪಿದ್ರೆ ಬಹುಮಾನ ಹೋಗತ್ತೆ, ಅಷ್ಟೇ. ಆದ್ರೆ ತಪ್ಪಿದ .22 ಗುಂಡು ಕಿಲೋಮೀಟರಿಗೂ ಮೀರಿ ಹೋಗತ್ತೆ. ಆಚೆ ತೋಟದಲ್ಲಿ ಕೆಲಸ ಮಾಡ್ತಿರೋರು ನಮ್ಮವರೇ.